ಗೌರವಧನವೋ, ವೇತನವೋ?

ರಾಜ್ಯವೊಂದರ ಧರ್ಮಬುದ್ಧಿಯನ್ನು ಪರೀಕ್ಷಿಸಬೇಕೆನ್ನುವವರು ಅದರ ಶಾಸನಗಳ ಪೀಠಿಕೆಗಳನ್ನು ಓದಿ ಆಯಾಸಪಡಬೇಕಾದುದಿಲ್ಲ. ಅದರ ಸಂಬಳದ ಪಟ್ಟಿಯ ಕಟ್ಟಕಡೆಯ ಸಾಲನ್ನು ಓದಿದರೆ ಸಾಕು. ಪೀಠಿಕೆಯಲ್ಲಿ ಎಲ್ಲ ರಾಜ್ಯಗಳೂ ಧರ್ಮರಾಜ್ಯಗಳೇ. ಕಟ್ಟಕಡೆಯ ಸಾಲಿನಲ್ಲಿ ಯಾರ ಹೆಸರಿದೆ, ಆ ಹೆಸರಿನ ಮುಂದೆ ಎಷ್ಟು ಅಂಕವಿದೆ, ಯಾರ ಹೆಸರು ಆ ಪಟ್ಟಿಯೊಳಕ್ಕೆ ಪ್ರವೇಶವನ್ನೇ ಪಡೆಯದೆ ಹೊರಗೆ ನಿಂತಿದೆ ಎಂಬುದರಿಂದ ಆ ರಾಜ್ಯದ ನಿಜವಾದ ಮನಸ್ಸು ವೇದ್ಯವಾಗುವುದು.

೨೦೨೪ನೆಯ ಆಗಸ್ಟ್ ೧ರಿಂದ ಕರ್ನಾಟಕದಲ್ಲಿ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸುಗಳು ಜಾರಿಗೆ ಬಂದವು. ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ಸುಧಾಕರ ರಾಯರ ಅಧ್ಯಕ್ಷತೆಯ ಆ ಆಯೋಗವು ಕನಿಷ್ಠ ಮೂಲ ವೇತನವನ್ನು ೧೭,೦೦೦ ರೂಪಾಯಿಗಳಿಂದ ೨೭,೦೦೦ ರೂಪಾಯಿಗಳಿಗೆ ಏರಿಸಿತು. ಗರಿಷ್ಠವನ್ನು ೨,೪೧,೨೦೦ ರೂಪಾಯಿಗಳಿಗೆ ಮುಟ್ಟಿಸಿತು. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ಅಂದು ಉಪಾಧ್ಯಾಯರೂ ಗುಮಾಸ್ತರೂ ಕಾಗದ ಪೆನ್ಸಿಲುಗಳನ್ನು ಹಿಡಿದು, ತಮಗೆ ಬರತಕ್ಕ ಹೆಚ್ಚಳವನ್ನು ಪೈಸೆಯ ವರೆಗೆ ಲೆಕ್ಕಹಾಕಿದರು. ಅದರಲ್ಲಿ ತಪ್ಪೇನೂ ಇಲ್ಲ. ದುಡಿದವನು ತನ್ನ ಫಲವನ್ನು ಎಣಿಸಿಕೊಳ್ಳುವುದು ನ್ಯಾಯವೇ. ಆದರೆ ಅದೇ ಶಾಲೆಯ ಆವರಣದಲ್ಲಿ, ಅದೇ ಗಂಟೆಯ ಶಬ್ದಕ್ಕೆ ಕಿವಿಗೊಟ್ಟು, ಅದೇ ಮಕ್ಕಳಿಗಾಗಿ ದುಡಿಯುವ ಅಡಿಗೆಯ ಹೆಂಗಸು ಆ ಸಂಜೆ ಯಾವ ಕಾಗದದ ಮೇಲೆ ಏನನ್ನು ಲೆಕ್ಕಹಾಕಬಹುದಾಗಿತ್ತು? ಆಯೋಗದ ಪಟ್ಟಿಯಲ್ಲಿ ಆಕೆಗೆ ಒಂದು ಸಾಲೂ ಇರಲಿಲ್ಲ. ಮುಖ್ಯ ಅಡಿಗೆಯವಳಿಗೆ ಆಗ ತಿಂಗಳಿಗೆ ೩,೭೦೦ ರೂಪಾಯಿ, ಸಹಾಯಕಿಗೆ ೩,೬೦೦. ೨೦೨೫ನೆಯ ಮಾರ್ಚಿಯ ಆಯವ್ಯಯದಲ್ಲಿ ಸಾವಿರ ರೂಪಾಯಿ ಸೇರಿ ಅದು ೪,೭೦೦ ಮತ್ತು ೪,೬೦೦ ಆಯಿತು. ಅದೂ ವರ್ಷದಲ್ಲಿ ಹತ್ತು ತಿಂಗಳು ಮಾತ್ರ. ಬೇಸಗೆಯ ಎರಡು ತಿಂಗಳು ಆಕೆಯ ಹೊಟ್ಟೆಗೂ ರಜೆಯೆಂದು ಸರ್ಕಾರವು ಭಾವಿಸಿದಂತಿದೆ.

ಈ ಹಣಕ್ಕೆ ಸರ್ಕಾರವು ಕೊಟ್ಟಿರುವ ಹೆಸರು ವೇತನವಲ್ಲ, ಕೂಲಿಯಲ್ಲ, ಸಂಬಳವೂ ಅಲ್ಲ, ‘ಗೌರವಧನ’. ವಿವಾದದ ಮೂಲವು ಈ ಹೆಸರಿನಲ್ಲಿಯೇ ಇರುವುದರಿಂದ ಮೊದಲು ಶಬ್ದವಿಚಾರ ಮಾಡುವುದು ಯುಕ್ತ.

‘ಭೃತ್ಯ’ನೆಂಬ ಶಬ್ದವನ್ನು ತೆಗೆದುಕೊಳ್ಳಿ. ಅದು ಭರಿಸು, ಪೋಷಿಸು ಎಂಬರ್ಥದ ಧಾತುವಿನಿಂದ ಹುಟ್ಟಿದುದು. ಭೃತ್ಯನೆಂದರೆ ಪೋಷಿಸಲ್ಪಡಬೇಕಾದವನು. ಸೇವಕನ ಹೆಸರಿನೊಳಗೇ ಒಡೆಯನ ಕರ್ತವ್ಯವನ್ನು ಹುದುಗಿಸಿಟ್ಟ ಶಬ್ದವಿದು. ಅವನಿಗೆ ಸಲ್ಲತಕ್ಕುದು ‘ಭೃತಿ’. ‘ಸಂಬಳ’ವೆಂಬುದಕ್ಕೆ ಮೂಲದಲ್ಲಿ ದಾರಿಯ ಬುತ್ತಿಯೆಂದು ಅರ್ಥ, ಬದುಕಿನ ದಾರಿಯನ್ನು ನಡೆಯುವುದಕ್ಕೆ ಬೇಕಾದ ಬುತ್ತಿಯನ್ನು ದುಡಿಸಿಕೊಳ್ಳುವವನು ಕಟ್ಟಿಕೊಡತಕ್ಕದ್ದು. ಈ ಶಬ್ದಗಳಲ್ಲೆಲ್ಲ ಋಣದ ಭಾವವಿದೆ, ಕೊಡದಿದ್ದರೆ ಕೇಳಿ ಪಡೆಯಬಹುದೆಂಬ ಅಧಿಕಾರವಿದೆ. ‘ಗೌರವಧನ’ವು ಹಾಗಲ್ಲ. ಅದು ಈಚೆಗೆ ಪಶ್ಚಿಮದ ಶಬ್ದವೊಂದಕ್ಕೆ ಸಮನಾಗಿ ಕಟ್ಟಿದ ಮಾತು. ಪುರಾತನ ರೋಮಿನಲ್ಲಿ ವಕೀಲನು ಪ್ರತಿಫಲವನ್ನು ಕೇಳುವುದು ಅವನ ಘನತೆಗೆ ಕುಂದೆಂದು ಎಣಿಸಲ್ಪಟ್ಟಿತ್ತು. ಆದುದರಿಂದ ಕಕ್ಷಿಗಾರನು ತನ್ನ ಇಷ್ಟದಂತೆ ಏನನ್ನಾದರೂ ಕಾಣಿಕೆಯಾಗಿ ಕೊಡುತ್ತಿದ್ದನು. ಕೊಡದಿದ್ದರೆ ನ್ಯಾಯಾಸ್ಥಾನದಲ್ಲಿ ಕೇಳುವಂತಿರಲಿಲ್ಲ. ಕೇಳಲಾಗದ ಧನವೆಂಬುದೇ ಆ ಶಬ್ದದ ಜೀವಾಳ. ಐಶ್ವರ್ಯವಂತರಾದ ರೋಮನ್ ವಾಗ್ಮಿಗಳಿಗೆ ಹೊಂದುವ ಹೆಸರನ್ನು ತಂದು ಪಾವಗಡದ ಒಂದು ಹಳ್ಳಿಯಲ್ಲಿ ಅನ್ನದ ಗಂಜಿ ಬಸಿಯುವ ಹೆಂಗಸಿನ ಕೊರಳಿಗೆ ಕಟ್ಟಿರುವುದು ವಿನೋದವಾಗಿ ತೋರಬಹುದು. ಅದರ ಫಲವು ಮಾತ್ರ ವಿನೋದವಲ್ಲ. ವೇತನವಲ್ಲವಾದುದರಿಂದ ಅದಕ್ಕೆ ಕನಿಷ್ಠವೆಂಬ ಮಿತಿಯಿಲ್ಲ, ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯವಿಲ್ಲ, ವರ್ಷಕ್ಕೊಮ್ಮೆ ಬಡ್ತಿಯಿಲ್ಲ. ಹೆಸರಿನಲ್ಲಿ ಗೌರವವನ್ನು ಕೊಟ್ಟು ಧನದಲ್ಲಿ ಅದನ್ನು ಹಿಂದಕ್ಕೆ ಪಡೆದುಕೊಂಡಂತಾಯಿತು.

ಇನ್ನೊಂದು ಹೆಸರಿನ ವಿಚಾರವೂ ಇಲ್ಲಿ ಪ್ರಸಕ್ತ. ಶಾಲೆಯ ಬಿಸಿಯೂಟಕ್ಕೆ ಕರ್ನಾಟಕವು ‘ಅಕ್ಷರ ದಾಸೋಹ’ವೆಂಬ ಸುಂದರವಾದ ಹೆಸರನ್ನಿಟ್ಟಿತು. ಸಿದ್ಧಗಂಗೆಯ ಮಠವಿರುವ ಈ ಜಿಲ್ಲೆಯಲ್ಲಿ ದಾಸೋಹವೆಂದರೇನೆಂದು ಯಾರಿಗೂ ಹೇಳಬೇಕಾಗಿಲ್ಲ. ದಾಸನು ನಾನು ಎಂಬ ಭಾವದಿಂದ ನೀಡುವುದೇ ದಾಸೋಹ. ನೀಡುವವನು ಬಾಗುತ್ತಾನೆ, ಅದೇ ಅದರ ಮಹಿಮೆ. ಇಲ್ಲಿ ನೀಡುವವರು ಯಾರು? ಸರ್ಕಾರ. ಹಾಗಿರಲು ದಾಸನು ನಾನೆಂಬ ಮಾತನ್ನು ಸರ್ಕಾರವೇ ಹೇಳಬೇಕಾಗಿತ್ತು. ಆ ಮಾತನ್ನು ಅದು ಅಡಿಗೆಯವಳ ಬಾಯಿಂದ ಹೇಳಿಸಿ, ತಾನು ದಾನಿಯ ಆಸನದಲ್ಲಿ ಕುಳಿತಿದೆ.

ಪ್ರಾಚೀನರು ಈ ವಿಷಯದಲ್ಲಿ ಏನೆಂದು ವಿಧಿಸಿದ್ದರೆಂಬುದನ್ನು ನೋಡೋಣ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ದೊರೆತ ಓಲೆಯ ಪ್ರತಿಯಿಂದ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಭೃತ್ಯರ ಪೋಷಣೆಯನ್ನು ಕುರಿತು ಒಂದು ಪ್ರಕರಣವೇ ಇದೆ. ಮಂತ್ರಿ, ಪುರೋಹಿತ, ಸೇನಾಪತಿ, ಯುವರಾಜ ಮೊದಲಾದವರಿಗೆ ೪೮,೦೦೦ ಪಣಗಳು. ಕೆಳಗಿಳಿಯುತ್ತ ಬಂದು ಕುಶಲಕರ್ಮಿಗಳಿಗೆ ೧೨೦. ದನಕರುಗಳನ್ನು ನೋಡಿಕೊಳ್ಳುವವರು, ಪರಿಚಾರಕರು ಮೊದಲಾದ ಕಟ್ಟಕಡೆಯವರಿಗೆ ೬೦. ಮೇಲಿನವನಿಗೂ ಕೆಳಗಿನವನಿಗೂ ಎಂಟುನೂರು ಪಟ್ಟಿನ ಅಂತರ. ಇದನ್ನು ಆದರ್ಶವೆಂದು ಯಾರೂ ಎತ್ತಿ ಹಿಡಿಯಲಾರರು. ಆದರೂ ಆ ಕಠೋರನಾದ ರಾಜನೀತಿಜ್ಞನು ಕಟ್ಟಕಡೆಯವನನ್ನು ಪಟ್ಟಿಯಿಂದ ಹೊರಗಿಡಲಿಲ್ಲ. ಮಂತ್ರಿಯ ಹೆಸರಿರುವ ಪಟ್ಟಿಯಲ್ಲಿಯೇ ದನಗಾಹಿಯ ಹೆಸರೂ ಇದೆ. ಮಂತ್ರಿಗೆ ಸಲ್ಲುವುದೂ ವೇತನ, ದನಗಾಹಿಗೆ ಸಲ್ಲುವುದೂ ವೇತನ. ಕೆಲಸದಲ್ಲಿರುವಾಗ ಸತ್ತವನ ಹೆಂಡಿರು ಮಕ್ಕಳಿಗೆ ಆಹಾರವೂ ವೇತನವೂ ಸಲ್ಲಬೇಕೆಂದು ಅಲ್ಲಿಯೇ ವಿಧಿಸಿದೆ. ವೇತನವನ್ನು ಮೊದಲೇ ಮಾತಾಡಿಕೊಳ್ಳದಿದ್ದಲ್ಲಿ, ಮಾಡಿದ ಕೆಲಸಕ್ಕೂ ಹಿಡಿದ ಕಾಲಕ್ಕೂ ಅನುರೂಪವಾಗಿ ಕೊಡಬೇಕೆಂದು ಮತ್ತೊಂದೆಡೆ ನಿರ್ಣಯವಿದೆ.

ಶುಕ್ರನೀತಿಯ ಕಾಲನಿರ್ಣಯದಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವುಂಟು. ಅದರ ವಿವೇಕದಲ್ಲಿ ಮಾತ್ರ ಸಂಶಯಕ್ಕೆಡೆಯಿಲ್ಲ. ಪೋಷ್ಯವರ್ಗವೆಲ್ಲವನ್ನೂ ಚೆನ್ನಾಗಿ ಪೋಷಿಸುವಷ್ಟು ಭೃತಿಯು ಶ್ರೇಷ್ಠ. ಅವಶ್ಯವಾಗಿ ಸಲಹಬೇಕಾದವರನ್ನು ಸಲಹುವಷ್ಟಿದ್ದರೆ ಮಧ್ಯಮ. ಒಬ್ಬನೇ ಒಬ್ಬನ ಹೊಟ್ಟೆಗೆ ಸಾಕಾಗುವಂಥದು ಹೀನ. ಹೀನಭೃತಿಯನ್ನು ಕೊಡುವ ಒಡೆಯನು ತನ್ನ ಭೃತ್ಯರನ್ನು ತಾನೇ ಶತ್ರುಗಳನ್ನಾಗಿ ಮಾಡಿಕೊಳ್ಳುತ್ತಾನೆಂದೂ, ನಲವತ್ತು ವರ್ಷ ಸೇವೆ ಮಾಡಿದವನಿಗೆ ಮುಂದೆ ಸೇವೆಯಿಲ್ಲದೆಯೇ ಅರ್ಧ ವೇತನ ಸಲ್ಲಬೇಕೆಂದೂ ಅದು ಹೇಳುವುದು. ತಿಂಗಳಿಗೆ ೪,೭೦೦ ರೂಪಾಯಿಗಳು ಈ ಮೂರರಲ್ಲಿ ಯಾವ ವರ್ಗಕ್ಕೆ ಸೇರುವುವು? ಒಬ್ಬಳ ಊಟ, ಬಟ್ಟೆ, ಔಷಧಿಗಳಿಗೇ ಅದು ಸಾಲದು. ಶುಕ್ರನು ಹೀನವೆಂದು ಹೆಸರಿಸಿದುದಕ್ಕಿಂತಲೂ ಕೆಳಗಿರುವುದಕ್ಕೆ ಹೆಸರನ್ನು ಕಂಡುಹಿಡಿಯಬೇಕಾಗಿದೆ. ಸರ್ಕಾರವು ಕಂಡುಹಿಡಿದ ಹೆಸರು ಗೌರವಧನ.

ಈ ಸೀಮೆಯ ಹಳ್ಳಿಗಳಿಗೆ ಪ್ರಾಚೀನವಾದ ತಮ್ಮದೇ ಕಟ್ಟಳೆಯೊಂದು ಇದ್ದಿತು. ತೋಟಿ, ತಳವಾರ, ನೀರುಗಂಟಿ ಮೊದಲಾದ ಆಯಗಾರರಿಗೆ ಇನಾಮು ಭೂಮಿಯುಂಟು. ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲುಂಟು. ಆ ವ್ಯವಸ್ಥೆಯನ್ನು ಹೊಗಳುವುದು ಸಲ್ಲದು. ಅದರಲ್ಲಿ ಹುಟ್ಟಿನ ಸಂಕೋಲೆಯಿತ್ತು. ತಂದೆಯ ಕೋಲನ್ನು ಮಗನು ಹಿಡಿಯಲೇಬೇಕಾಗಿತ್ತು. ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಲ್ಲುವ ಅವಮಾನವಿತ್ತು. ೧೯೬೧ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು ಆ ವಂಶಪಾರಂಪರ್ಯವನ್ನು ಕಿತ್ತುಹಾಕಿದುದು ಒಳ್ಳೆಯದೇ ಆಯಿತು. ಆದರೆ ಒಂದು ಮಾತನ್ನು ಮರೆಯಬಾರದು. ಕಣದ ಪಾಲು ಧಾನ್ಯರೂಪದಲ್ಲಿದ್ದುದರಿಂದ ಬೆಲೆಯೇರಿದರೂ ಅದು ಕುಗ್ಗುತ್ತಿರಲಿಲ್ಲ. ರಾಗಿ ರಾಗಿಯಾಗಿಯೇ ಇರುತ್ತಿತ್ತು. ಇಂದಿನ ಗೌರವಧನವು ಬೆಲೆಯೊಡನೆಯೂ ಏರದು, ಬೆಳೆಯೊಡನೆಯೂ ಏರದು. ಅಡಿಗೆಯವರ ಹಣದಲ್ಲಿ ಕೇಂದ್ರ ಸರ್ಕಾರದ ನಿಯಮದ ಅಂಶವು ೨೦೦೯ನೆಯ ಡಿಸೆಂಬರಿನಲ್ಲಿ ತಿಂಗಳಿಗೆ ೧,೦೦೦ ರೂಪಾಯಿಯೆಂದು ಗೊತ್ತಾಯಿತು. ಹದಿನೈದು ವರ್ಷಗಳು ಕಳೆದರೂ ಅದು ಒಂದು ರೂಪಾಯಿಯಷ್ಟೂ ಏರಲಿಲ್ಲ. ಅದರಲ್ಲಿಯೂ ಕೇಂದ್ರವು ಕೊಡುವುದು ೬೦೦. ಉಳಿದುದೆಲ್ಲ ರಾಜ್ಯದ ಭಾರ. ಹುಟ್ಟಿನ ಸಂಕೋಲೆಯನ್ನು ಕಿತ್ತ ಕೈಯೇ ಕಣದ ಪಾಲನ್ನೂ ಕಿತ್ತುಕೊಂಡು, ಅದರ ಸ್ಥಾನದಲ್ಲಿ ಏನನ್ನು ಇಟ್ಟಿತೆಂದು ಕೇಳುವ ಹಕ್ಕು ದುಡಿಯುವವರಿಗೆ ಇದೆ.

ಈಗ ಪ್ರತಿಪಕ್ಷದವರ ವಾದಗಳನ್ನು ಒಂದೊಂದಾಗಿ ಪರಿಶೀಲಿಸತಕ್ಕದ್ದು.

ಮೊದಲನೆಯ ಪೂರ್ವಪಕ್ಷ: ಇದು ಪೂರ್ಣಾವಧಿಯ ಕೆಲಸವಲ್ಲ, ದಿನಕ್ಕೆ ನಾಲ್ಕು ಗಂಟೆಗಳ ಕೆಲಸ, ಆದುದರಿಂದ ಪೂರ್ಣ ವೇತನವನ್ನು ಕೇಳುವುದು ಅನ್ಯಾಯ. ಈ ವಾದವನ್ನು ಇದ್ದಂತೆಯೇ ಒಪ್ಪಿಕೊಂಡು ಲೆಕ್ಕಮಾಡೋಣ. ಎಂಟು ಗಂಟೆಗಳ ಕನಿಷ್ಠ ಮೂಲ ವೇತನ ೨೭,೦೦೦ ರೂಪಾಯಿಯಾದರೆ ನಾಲ್ಕು ಗಂಟೆಗಳದು ೧೩,೫೦೦ ಆಗಬೇಕು. ಸರ್ಕಾರವು ಕೊಡುವುದು ೪,೭೦೦. ತನ್ನದೇ ವಾದದಂತೆ ಸಲ್ಲಬೇಕಾದುದರ ಮೂರನೆಯ ಒಂದು ಪಾಲಿಗಿಂತ ಅದು ಸ್ವಲ್ಪವೇ ಹೆಚ್ಚು. ಅರ್ಧ ದಿನವೆಂದು ಹೇಳಿ ಆರನೆಯ ಒಂದು ಪಾಲಿನಷ್ಟನ್ನು ಕೊಡುವ ಗಣಿತವನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ.

ನಾಲ್ಕು ಗಂಟೆಯೆಂಬುದಾದರೂ ನಿಜವೇ? ಕರ್ನಾಟಕದಲ್ಲಿ ಬಿಸಿಯೂಟವು ೨೦೦೨ರಲ್ಲಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದಿತು. ಆಗ ಅದು ಒಂದು ಹೊತ್ತಿನ ಅನ್ನ ಸಾರಿನ ಕೆಲಸ. ೨೦೧೩ನೆಯ ಆಗಸ್ಟ್ ೧ರಿಂದ ಕ್ಷೀರಭಾಗ್ಯವೆಂದು ಹಾಲು ಸೇರಿತು. ಅನಂತರ ಮೊಟ್ಟೆ ಸೇರಿತು. ೨೦೨೪ನೆಯ ಸೆಪ್ಟೆಂಬರಿನಿಂದ ಅದು ವಾರಕ್ಕೆ ಆರು ದಿನವಾಯಿತು. ಅದೇ ವರ್ಷದ ಫೆಬ್ರುವರಿಯಲ್ಲಿ ರಾಗಿಯ ಮಾಲ್ಟೂ ಬಂದಿತ್ತು. ಮಕ್ಕಳ ದೃಷ್ಟಿಯಿಂದ ಇವೆಲ್ಲವೂ ಸ್ತುತ್ಯವಾದ ಕಾರ್ಯಗಳು. ಬರದ ಈ ಸೀಮೆಯಲ್ಲಂತೂ ಪುಣ್ಯಕಾರ್ಯಗಳು. ಆದರೆ ಹಾಲು ತಾನಾಗಿ ಕಾಯುವುದಿಲ್ಲ, ಮೊಟ್ಟೆಯು ತಾನಾಗಿ ಸುಲಿದುಕೊಳ್ಳುವುದಿಲ್ಲ. ಹಾಲು ಬೆಳಗಿನ ಪಾಠಗಳು ಆರಂಭವಾಗುವ ವೇಳೆಗೆ ಸಿದ್ಧವಿರಬೇಕು. ಊಟದ ಪಾತ್ರೆಗಳು ತೊಳೆದು ಮುಗಿಯುವುದು ಮಧ್ಯಾಹ್ನದ ಪಾಠಗಳು ಆರಂಭವಾದ ಮೇಲೆ. ಇವೆರಡರ ನಡುವೆ ಎಷ್ಟು ಗಂಟೆಗಳೆಂಬುದನ್ನು ಶಾಲೆಯ ಗೋಡೆಯ ಗಡಿಯಾರವೇ ಹೇಳುವುದು. ಕೆಲಸವು ಬೆಳೆಯುತ್ತ ಹೋದರೂ ದಾಖಲೆಯ ಗಂಟೆಗಳು ಮಾತ್ರ ನಾಲ್ಕಾಗಿಯೇ ನಿಂತಿವೆ.

ಎರಡನೆಯ ಪೂರ್ವಪಕ್ಷ: ಅಡಿಗೆ ಮಾಡುವುದು ಎಲ್ಲ ಹೆಂಗಸರಿಗೂ ಬರುವ ವಿದ್ಯೆ, ಅದರಲ್ಲಿ ಕೌಶಲವೇನು? ಈ ವಾದವನ್ನು ಆಡುವವರು ಒಮ್ಮೆಯಾದರೂ ನೂರು ಮಂದಿಗೆ ಅಡಿಗೆ ಮಾಡಿ ನೋಡಬೇಕು. ಕಿರಿಯ ತರಗತಿಯ ಮಗುವಿಗೆ ೧೦೦ ಗ್ರಾಮು, ಹಿರಿಯ ತರಗತಿಯ ಮಗುವಿಗೆ ೧೫೦ ಗ್ರಾಮು ಧಾನ್ಯ. ಬೇಳೆ ೨೦ ಮತ್ತು ೩೦. ತರಕಾರಿ ೫೦ ಮತ್ತು ೭೫ ಎಂದು ನಿಯಮವಿದೆ. ಕಿರಿಯರು ಅರವತ್ತು, ಹಿರಿಯರು ನಲವತ್ತು ಮಂದಿ ಇರುವ ಶಾಲೆಯೊಂದರಲ್ಲಿ ದಿನಕ್ಕೆ ೧೨ ಕಿಲೋ ಅಕ್ಕಿ, ೨ ಕಿಲೋ ೪೦೦ ಗ್ರಾಮು ಬೇಳೆ, ೬ ಕಿಲೋ ತರಕಾರಿ ಆಯಿತು. ಒಂದು ಮಗುವಿಗೆ ೧೫೦ ಮಿಲಿಲೀಟರಿನಂತೆ ೧೫ ಲೀಟರು ಹಾಲು. ಒಲ್ಲದವರನ್ನು ಬಿಟ್ಟರೆ ಉಳಿದವರೆಲ್ಲರಿಗೂ ಮೊಟ್ಟೆ. ಕೇಂದ್ರದ ನಿಯಮದಂತೆ ಇಪ್ಪತ್ತಾರರಿಂದ ನೂರು ಮಕ್ಕಳ ವರೆಗೆ ಅಡಿಗೆಯವರು ಇಬ್ಬರೇ. ಈ ಇಬ್ಬರು ಹೆಂಗಸರು ತರಕಾರಿಯನ್ನು ಹೆಚ್ಚಬೇಕು, ಕುದಿಯುವ ಹಂಡೆಯನ್ನು ಇಳಿಸಬೇಕು, ಅನಿಲದ ಒಲೆಯ ಬಳಿ ಮಕ್ಕಳು ಸುಳಿಯದಂತೆ ನೋಡಬೇಕು, ಉಪ್ಪು ಹೆಚ್ಚಾಗದಂತೆ, ಅನ್ನ ಸೀಯದಂತೆ, ಹಲ್ಲಿ ಜಿರಲೆಗಳು ಬೀಳದಂತೆ ಕಾಯಬೇಕು. ಒಂದು ದಿನ ತಪ್ಪಿದರೆ ನೂರು ಮಕ್ಕಳು ಆಸ್ಪತ್ರೆಯಲ್ಲಿರುವರು. ಇಷ್ಟು ಹೊಣೆಯನ್ನು ಹೊರಿಸುವಾಗ ಆಕೆಯು ಜವಾಬ್ದಾರಳಾದ ನೌಕರಳು. ಹಣವನ್ನು ಎಣಿಸುವಾಗ ಮಾತ್ರ ಮನೆಯ ಕೆಲಸವನ್ನೇ ಮಾಡುವ ಹೆಂಗಸು. ಒಂದೇ ವ್ಯಕ್ತಿಯು ಬೆಳಗ್ಗೆ ನೌಕರಳೂ ತಿಂಗಳ ಕೊನೆಯಲ್ಲಿ ಅನೌಕರಳೂ ಆಗುವ ಈ ನ್ಯಾಯವು ಯಾವ ತರ್ಕಗ್ರಂಥದಲ್ಲಿದೆ?

ಸಮಾರಾಧನೆಗೆ ಬಂದ ಅಡಿಗೆಯ ಭಟ್ಟನಿಗೆ ದಿನಕ್ಕೆಷ್ಟು ಕೊಡುವೆವೆಂಬುದನ್ನು ಗೃಹಸ್ಥರು ಬಲ್ಲರು. ಅಲ್ಲಿ ಯಾರೂ ಅಡಿಗೆಯು ಎಲ್ಲರಿಗೂ ಬರುವ ವಿದ್ಯೆಯೆಂದು ಚೌಕಾಸಿ ಮಾಡುವುದಿಲ್ಲ. ೨೦೦೪ನೆಯ ಏಪ್ರಿಲ್ ೨೦ರಂದು ಸರ್ವೋಚ್ಚ ನ್ಯಾಯಾಲಯವು ಬಿಸಿಯೂಟದ ಅಡಿಗೆಗೆ ದಲಿತ ಮತ್ತು ಬುಡಕಟ್ಟು ವರ್ಗಗಳವರಿಗೆ ಆದ್ಯತೆಯನ್ನು ಕೊಡತಕ್ಕದ್ದೆಂದು ಆಜ್ಞೆ ಮಾಡಿತು. ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು, ಯಾರ ಕೈಯನ್ನು ಮುಟ್ಟಬಾರದೆಂದು ಅವರ ತಾತಂದಿರು ಕಲಿತಿದ್ದರೋ ಆ ಕೈಯ ಅನ್ನವನ್ನು ಉಣ್ಣುವುದು ಈ ನಾಡಿನಲ್ಲಿ ಆದ ದೊಡ್ಡ ಸಂಸ್ಕಾರಗಳಲ್ಲಿ ಒಂದು. ಆ ಸಂಸ್ಕಾರವನ್ನು ಬಡಿಸುತ್ತಿರುವ ಕೈಗೆ ನಾಡು ಕೊಡುವ ಬೆಲೆ ಇಷ್ಟೇ ಎಂದರೆ, ಮಕ್ಕಳು ಪಂಕ್ತಿಯಲ್ಲಿ ಕಲಿತ ಪಾಠವನ್ನು ಸಂಬಳದ ಪಟ್ಟಿಯು ಅಳಿಸಿಬಿಡುವುದು.

ಮೂರನೆಯ ಪೂರ್ವಪಕ್ಷ: ಇದು ಸೇವೆ, ಮಕ್ಕಳಿಗೆ ಅನ್ನವಿಕ್ಕುವ ಪುಣ್ಯವನ್ನು ಹಣದಿಂದ ಅಳೆಯಬಾರದು. ಪುಣ್ಯವು ಹಂಚಿಕೊಳ್ಳತಕ್ಕ ವಸ್ತುವಾದರೆ ಎಲ್ಲರಿಗೂ ಹಂಚಲಿ. ಯೋಜನೆಯನ್ನು ನಡೆಸುವ ಅಧಿಕಾರಿಯೂ ಮಕ್ಕಳ ಅನ್ನಕ್ಕಾಗಿಯೇ ದುಡಿಯುತ್ತಾನೆ. ಅಕ್ಕಿಯ ಲೆಕ್ಕವನ್ನು ಬರೆಯುವ ಗುಮಾಸ್ತನಿಗೂ ಆ ಪುಣ್ಯದಲ್ಲಿ ಭಾಗವಿದೆ. ಅವರಿಗೆ ವೇತನಶ್ರೇಣಿ, ಅಡಿಗೆಯವಳಿಗೆ ಮಾತ್ರ ಪುಣ್ಯ ಎಂಬ ವಿಭಾಗವನ್ನು ಯಾವ ಧರ್ಮಶಾಸ್ತ್ರವೂ ಮಾಡಿಲ್ಲ. ಪರಲೋಕದ ಹುಂಡಿಯನ್ನು ಅಂಗಡಿಯವನು ಒಪ್ಪುವುದಿಲ್ಲ.

ಪಾವಗಡದ ಕಡೆಗೆ ಒಮ್ಮೆ ಕಣ್ಣುಹಾಯಿಸಿದರೆ ವೈಚಿತ್ರ್ಯವೊಂದು ತೋರುವುದು. ತಿರುಮಣಿಯ ಸುತ್ತ ಸುಮಾರು ೧೩,೦೦೦ ಎಕರೆಗಳಲ್ಲಿ ೨,೦೫೦ ಮೆಗಾವಾಟಿನ ಸೌರ ವಿದ್ಯುದಾಗಾರವಿದೆ. ರೈತರಿಂದ ಭೂಮಿಯನ್ನು ಗೇಣಿಗೆ ಪಡೆದಾಗ ಆರಂಭದ ದರವು ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿ. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಅದು ಏರತಕ್ಕದ್ದೆಂದು ಕರಾರು. ಕಡಲೆಕಾಯಿಯೂ ಸರಿಯಾಗಿ ಬಾರದಿದ್ದ ಬರದ ನೆಲಕ್ಕೆ ಈ ಗೇಣಿ ಸಿಕ್ಕುವುದು ಸಂತೋಷವೇ. ಆದರೆ ಎಣಿಸಿ ನೋಡಿ: ಎರಡೂಕಾಲು ಎಕರೆಗೆ ಆರಂಭದ ದರದಲ್ಲಿಯೇ ವರ್ಷಕ್ಕೆ ೪೭,೨೫೦ ರೂಪಾಯಿ. ಅದೇ ತಾಲ್ಲೂಕಿನ ಮುಖ್ಯ ಅಡಿಗೆಯವಳಿಗೆ ಹತ್ತು ತಿಂಗಳಿಗೆ ೪೭,೦೦೦. ಬಿಸಿಲಲ್ಲಿ ಸುಮ್ಮನೆ ಮಲಗಿರುವ ನೆಲಕ್ಕೆ ಕರಾರುಂಟು, ಏರಿಕೆಯುಂಟು. ಹೊಗೆಯಲ್ಲಿ ನಿಂತು ದುಡಿಯುವ ಮನುಷ್ಯಳಿಗೆ ಎರಡೂ ಇಲ್ಲ.

ನಾಲ್ಕನೆಯದು ಬೊಕ್ಕಸದ ವಾದ. ಇದು ಉಳಿದವುಗಳಿಗಿಂತ ಗಂಭೀರವಾದುದು. ಲೆಕ್ಕದಿಂದಲೇ ಇದಕ್ಕೆ ಉತ್ತರ ಕೊಡಬೇಕು. ತಿಂಗಳಿಗೆ ೧೩,೫೦೦ರಂತೆ ಹನ್ನೆರಡು ತಿಂಗಳಿಗೆ ೧,೬೨,೦೦೦ ರೂಪಾಯಿ. ಈಗಿನ ೪೭,೦೦೦ವನ್ನು ಕಳೆದರೆ ಒಬ್ಬಳಿಗೆ ವರ್ಷಕ್ಕೆ ೧,೧೫,೦೦೦ ಹೆಚ್ಚು ಬೇಕು. ರಾಜ್ಯದಲ್ಲಿ ಇಂಥವರು ಲಕ್ಷಕ್ಕೂ ಮಿಕ್ಕಿ ಇದ್ದಾರೆ. ಒಂದು ಲಕ್ಷ ಮಂದಿಗೆ ೧,೧೫೦ ಕೋಟಿ ರೂಪಾಯಿಯಾಯಿತು. ಇದು ಸಣ್ಣ ಮೊತ್ತವಲ್ಲ. ಆದರೆ ಏಳನೆಯ ವೇತನ ಆಯೋಗದ ಶಿಫಾರಸುಗಳಿಂದ ಬೊಕ್ಕಸದ ಮೇಲೆ ವರ್ಷಕ್ಕೆ ಬೀಳುವ ಹೆಚ್ಚಿನ ಭಾರವು ೨೦,೨೦೮ ಕೋಟಿಯೆಂದು ಸರ್ಕಾರವೇ ಪ್ರಕಟಿಸಿತು. ಅದರ ಮುಂದೆ ಇದು ಹದಿನೇಳರಲ್ಲಿ ಒಂದು ಪಾಲು. ಲಕ್ಷದ ಮೇಲಿನವರನ್ನು ಸೇರಿಸಿದರೂ ಹದಿನೈದರಲ್ಲಿ ಒಂದು ಪಾಲಿನ ಆಸುಪಾಸು. ಆ ಹದಿನೇಳು ಪಾಲು ಮೇಲಿನವರಿಗೆ ಬೇಕಾದಾಗ ಬೊಕ್ಕಸವು ತುಂಬಿತ್ತು. ಒಂದು ಪಾಲನ್ನು ಕೆಳಗಿನವರು ಕೇಳಿದೊಡನೆ ಅದು ಬರಿದಾಯಿತೆಂದರೆ ನಂಬುವವರು ಯಾರು? ಕೇಂದ್ರವು ಕೊಡುವ ೬೦೦ ರೂಪಾಯಿಯು ನಗೆಗೀಡಾದುದೆಂಬುದು ನಿಜ; ಅದಕ್ಕಾಗಿ ದೆಹಲಿಯ ಬಾಗಿಲನ್ನು ತಟ್ಟಬೇಕಾದುದೂ ನಿಜ. ಹಾಗೆಂದು ದೊಡ್ಡಣ್ಣನು ಕೊಡಲಿಲ್ಲವೆಂದು ಚಿಕ್ಕಣ್ಣನು ಕೈಕಟ್ಟಿ ಕುಳಿತರೆ ತಂಗಿಯ ಒಲೆ ಉರಿಯುವುದಿಲ್ಲ.

ಇದು ಅಸಾಧ್ಯವೆಂಬುವರಿಗೆ ಪೌರಕಾರ್ಮಿಕರ ದೃಷ್ಟಾಂತವಿದೆ. ೧೯೭೦ರ ದಶಕದ ಆರಂಭದಲ್ಲಿ ಪೌರಾಡಳಿತದ ಮಂತ್ರಿಗಳಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಐ.ಪಿ.ಡಿ. ಸಾಲಪ್ಪನವರ ಸಮಿತಿಯು ೧೯೭೬ರಲ್ಲಿ ಈ ಕೆಲಸಗಾರರ ಸ್ಥಿತಿಗತಿಗಳನ್ನು ಕುರಿತು ವರದಿಯನ್ನು ಒಪ್ಪಿಸಿತು. ಹೀನವಾದ ಹಳೆಯ ಹೆಸರುಗಳು ಹೋಗಿ ಪೌರಕಾರ್ಮಿಕರೆಂಬ ಮರ್ಯಾದೆಯ ಹೆಸರು ಬಂದಿತು. ಆದರೆ ಹೆಸರಿನ ಹಿಂದೆ ವೇತನಶ್ರೇಣಿಯು ಬರುವುದಕ್ಕೆ ಎಷ್ಟು ಕಾಲ ಹಿಡಿಯಿತು! ನಡುವೆ ಗುತ್ತಿಗೆದಾರರ ಕಾಲವೂ ಬಂದು ಹೋಯಿತು. ೨೦೧೭ರಲ್ಲಿ ನೇರ ಪಾವತಿಯ ಪದ್ಧತಿ ಬಂದಿತು. ೨೦೨೨ನೆಯ ಜುಲೈಯಲ್ಲಿ ಪೌರಕಾರ್ಮಿಕರು ಪೊರಕೆಯನ್ನು ಕೆಳಗಿಟ್ಟ ಮೇಲೆ ಕಾಯಂ ನೇಮಕದ ನಿಯಮಗಳು ಹೊರಟವು. ೨೦೨೫ನೆಯ ಮೇ ೧ರಂದು ಬೆಂಗಳೂರಿನಲ್ಲಿ ೧೨,೬೯೨ ಮಂದಿಗೆ ನೇಮಕದ ಪತ್ರಗಳು ದೊರೆತವು. ಕಸದ ಗಾಡಿಯ ಚಾಲಕರೇ ಮೊದಲಾದವರು ಆಗಲೂ ಹೊರಗುಳಿದರು. ಆದರೂ ಬೀದಿ ಗುಡಿಸುವವನಿಗೆ ವೇತನಶ್ರೇಣಿ ಸಲ್ಲುವುದೆಂಬ ತತ್ತ್ವವು ಸ್ಥಾಪಿತವಾಯಿತು. ಸಿರಾದ ನಗರಸಭೆಯ ಕಾಯಂ ಪೌರಕಾರ್ಮಿಕನು ಶ್ರೇಣಿಯ ಕೆಳಗಿನ ಮೆಟ್ಟಲಿನ ಮೇಲಾದರೂ ನಿಂತಿದ್ದಾನೆ. ಊರನ್ನು ಶುಚಿಮಾಡುವುದು ಸಾರ್ವಜನಿಕ ಸೇವೆಯಾದರೆ ಊರಿನ ಮಕ್ಕಳಿಗೆ ಉಣಬಡಿಸುವುದು ಏಕಲ್ಲ? ಗ್ರಾಮಪಂಚಾಯತಿಯ ನೀರುಗಂಟಿಯ ಸ್ಥಿತಿಯೂ ಇಂಥದೇ. ಫ್ಲೋರೈಡಿನ ನೀರಿಗೆ ಹೆಸರಾದ ಪಾವಗಡದಲ್ಲಿ, ಮೋಟಾರು ಕೆಟ್ಟ ದಿನ ಊರಿನ ಬೈಗುಳವೆಲ್ಲ ಅವನಿಗೇ. ೨೦೧೯ರ ಜಲಜೀವನ ಯೋಜನೆಯಿಂದ ಮನೆಮನೆಗೂ ನಲ್ಲಿಗಳು ಹೆಚ್ಚಿದವು. ಅವನ ಕೈಗಳು ಎರಡೇ ಉಳಿದವು. ವೇತನಶ್ರೇಣಿಯ ಮೆಟ್ಟಲು ಅವನಿಗೂ ದೂರವೇ.

ನ್ಯಾಯಾಸ್ಥಾನಗಳ ಮಾತು ಒಂದೇ ತೆರನಾಗಿಲ್ಲವೆಂಬುದನ್ನು ಮರೆಮಾಚಬೇಕಾಗಿಲ್ಲ. ಕರ್ನಾಟಕದಿಂದಲೇ ಹೋದ ಅಮೀರ್ಬಿಯವರ ಮೊಕದ್ದಮೆಯಲ್ಲಿ ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂಗನವಾಡಿಯ ಕಾರ್ಯಕರ್ತೆಯರದು ಸರ್ಕಾರಿ ಹುದ್ದೆಯಲ್ಲವೆಂದು ತೀರ್ಪಿತ್ತಿತು. ಪ್ರತಿಪಕ್ಷದವರು ಇದನ್ನೇ ಆಧಾರವಾಗಿ ಹಿಡಿಯುತ್ತಾರೆ. ಆದರೆ ಅದೇ ನ್ಯಾಯಾಲಯವು ೨೦೨೨ರ ಏಪ್ರಿಲಿನಲ್ಲಿ, ಹಣದ ಹೆಸರು ಗೌರವಧನವಾದರೂ ಅದು ವೇತನವೇ, ಆ ಹೆಂಗಸರಿಗೆ ಉಪದಾನವು ಸಲ್ಲತಕ್ಕದ್ದೇ ಎಂದು ನಿರ್ಣಯಿಸಿತು. ೨೦೨೪ನೆಯ ಡಿಸೆಂಬರ್ ೨೦ರಂದು, ಕಚೇರಿಯೊಂದನ್ನು ವರ್ಷಗಟ್ಟಲೆ ಗುಡಿಸಿದವರನ್ನು ಅರೆಕಾಲಿಕರೆಂದು ಹೊರಗಟ್ಟಿದುದು ಅನ್ಯಾಯವೆಂದು ಹೇಳಿ ಅವರನ್ನು ಕಾಯಂ ಮಾಡಿಸಿತು. ಇವೆಲ್ಲಕ್ಕೂ ಹಿಂದೆ, ೧೯೮೨ರಲ್ಲಿ, ಕನಿಷ್ಠ ವೇತನಕ್ಕಿಂತ ಕಡಮೆಗೆ ದುಡಿಸಿಕೊಳ್ಳುವುದು ಸಂವಿಧಾನದ ೨೩ನೆಯ ವಿಧಿಯು ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಅದು ಸಾರಿತ್ತು. ಆ ಸೂತ್ರವನ್ನೇ ಹಿಡಿದು ಅಲಹಾಬಾದಿನ ಉಚ್ಚ ನ್ಯಾಯಾಲಯವು ೨೦೨೦ನೆಯ ಡಿಸೆಂಬರಿನಲ್ಲಿ ಬಿಸಿಯೂಟದ ಅಡಿಗೆಯವಳೊಬ್ಬಳ ಮೊಕದ್ದಮೆಯಲ್ಲಿ, ಸಾವಿರ ರೂಪಾಯಿಗೆ ಆಕೆಯನ್ನು ದುಡಿಸಿಕೊಂಡುದು ಬಲವಂತದ ದುಡಿಮೆಯೆಂದೇ ಹೇಳಿತು. ಕೌಟಿಲ್ಯನ ಕಾಲದಲ್ಲಿ ಇದಕ್ಕೆ ‘ವಿಷ್ಟಿ’ಯೆಂದು ಹೆಸರು. ಕನ್ನಡದ ‘ಬಿಟ್ಟಿ’ಯು ಅದರ ತದ್ಭವ. ಗೌರವಧನವು ಯಾವ ಶಬ್ದದ ಭಾಷಾಂತರವೆಂಬುದರಲ್ಲಿ ಸಂದೇಹವಿದ್ದವರಿಗೆ ಇಷ್ಟು ಸಾಕು.

೨೦೧೩ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ನಡೆದ ೪೫ನೆಯ ಭಾರತೀಯ ಕಾರ್ಮಿಕ ಸಮ್ಮೇಳನವು ಇಂಥ ಯೋಜನೆಗಳಲ್ಲಿ ದುಡಿಯುವವರನ್ನು ಕಾರ್ಮಿಕರೆಂದೇ ಎಣಿಸಿ ಕನಿಷ್ಠ ವೇತನವನ್ನು ಕೊಡಬೇಕೆಂದು ಶಿಫಾರಸು ಮಾಡಿತು. ಆ ಸಭೆಯಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತಿದ್ದರು. ಹೀಗಿರಲು ಹೊಸದಾಗಿ ಕಂಡುಹಿಡಿಯತಕ್ಕ ತತ್ತ್ವವೇನೂ ಉಳಿದಿಲ್ಲ; ಒಪ್ಪಿದುದನ್ನು ನಡಸಬೇಕಾದುದು ಮಾತ್ರ ಉಳಿದಿದೆ.

ಆದಕಾರಣ ಆಗಬೇಕಾದುದು ನಾಲ್ಕು. ಮುಂದೆ ನೇಮಕವಾಗುವ ರಾಜ್ಯ ವೇತನ ಆಯೋಗದ ಪರಿಶೀಲನೆಯ ವಿಷಯಗಳಲ್ಲಿ ಬಿಸಿಯೂಟದ ಅಡಿಗೆಯವರನ್ನೂ ಪಂಚಾಯತಿಯ ನೀರುಗಂಟಿಗಳನ್ನೂ ಹೆಸರೆತ್ತಿ ಸೇರಿಸತಕ್ಕದ್ದು. ಅಲ್ಲಿಯ ವರೆಗೆ, ದಾಖಲೆಯ ಗಂಟೆಗಳಿಗಾದರೂ ಅನುರೂಪವಾಗಿ, ಕನಿಷ್ಠ ಶ್ರೇಣಿಯ ಅರ್ಧವನ್ನು ತುಟ್ಟಿಭತ್ಯದೊಡನೆ ಹನ್ನೆರಡು ತಿಂಗಳೂ ಕೊಡತಕ್ಕದ್ದು. ಕೆಲಸದ ಮೇಲೆ ಸುಟ್ಟು ಗಾಯವಾದರೆ ಚಿಕಿತ್ಸೆ, ಸತ್ತರೆ ಕುಟುಂಬಕ್ಕೆ ಆಧಾರ, ಮುಪ್ಪಿಗೆ ವಿಶ್ರಾಂತಿವೇತನ ಇವನ್ನು ಕರುಣೆಯಿಂದಲ್ಲದೆ ನಿಯಮದಿಂದ ಒದಗಿಸತಕ್ಕದ್ದು. ಕೊನೆಯದಾಗಿ, ಗೌರವಧನವೆಂಬ ಶಬ್ದವನ್ನು ಈ ಕೆಲಸಗಾರರ ಮಟ್ಟಿಗೆ ಕೈಬಿಟ್ಟು ವೇತನವೆಂದೇ ಬರೆಯತಕ್ಕದ್ದು.

ಇವುಗಳಲ್ಲಿ ಮೊದಲಿನ ಹೆಜ್ಜೆಯು ಬೆಂಗಳೂರಿನಲ್ಲಿಯೇ ಆಗಬೇಕೆಂದೇನೂ ಇಲ್ಲ. ಈ ನಾಲ್ಕು ತಾಲ್ಲೂಕುಗಳು ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿವೆ. ಇಲ್ಲಿಯ ಉಪಾಧ್ಯಾಯರಿಗೆ ಸಂಘಗಳುಂಟು, ಮನವಿಯನ್ನು ಬರೆಯುವ ಶಕ್ತಿಯುಂಟು, ಬರೆದ ಮನವಿಯು ಓದಲ್ಪಡುವ ಬಲವೂ ಉಂಟು. ಅವರ ವೇತನವು ಏರಿದುದು ಆ ಬಲದಿಂದಲೇ. ಪ್ರತಿದಿನ ಮಧ್ಯಾಹ್ನ ಮಕ್ಕಳ ಊಟಕ್ಕೆ ಮೊದಲು ಅನ್ನದ ರುಚಿಯನ್ನು ನೋಡಿ ಪುಸ್ತಕದಲ್ಲಿ ರುಜು ಹಾಕುವ ಉಪಾಧ್ಯಾಯನು, ಆ ಅನ್ನವನ್ನು ಬೇಯಿಸಿದವಳ ಸಂಬಳವೆಷ್ಟೆಂಬುದನ್ನು ಅರಿಯೆನೆಂದು ಹೇಳುವಂತಿಲ್ಲ. ಮುಂದಿನ ಸಲ ಸಂಘದ ಮನವಿಯು ಹೊರಡುವಾಗ ತಮ್ಮ ಬೇಡಿಕೆಗಳಿಗೆ ಮೊದಲು ಆಕೆಯ ಹೆಸರನ್ನು ಬರೆಯಲಿ. ವಿದ್ಯಾವಂತರಾದ ಗೃಹಸ್ಥರೂ ತಮ್ಮ ಪ್ರತಿನಿಧಿಗಳು ಮನೆಯ ಬಾಗಿಲಿಗೆ ಬಂದಾಗ, ರಸ್ತೆ ನೀರುಗಳ ಪ್ರಶ್ನೆಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳಲಿ. ಪಟ್ಟಿಯ ಕಟ್ಟಕಡೆಯಲ್ಲಿ ಇನ್ನೊಂದು ಸಾಲನ್ನು ಸೇರಿಸುವುದಕ್ಕೆ ಬೇಕಾದ ಶಾಯಿ ಬಹಳವಲ್ಲ. ಬೇಕಾದುದು ಸೇರಿಸಬೇಕೆಂಬ ಮನಸ್ಸು.